ನಾಲ್ಕು ಗಂಟೆಯ ನಡಿಗೆ

ಕೈಗಡಿಯಾರ ಕೆಟ್ಟವರೆಲ್ಲ ನನ್ನನ್ನು ಹುಡುಕಿಕೊಂಡು ಬರುತ್ತಿದ್ದ ಕಾಲವೊಂದಿತ್ತು. ರಿಪೇರಿಗಲ್ಲ. ನನ್ನ ಪಕ್ಕದಲ್ಲಿ ಒಂದು ನಿಮಿಷ ಕೂತು, ಬದನೆಕಾಯಿ ಸಿಗುತ್ತಿಲ್ಲವಂತೆ, ಬಾವಿಯ ತಳ ಕಾಣುತ್ತಿದೆಯಂತೆ ಎಂದು ಏನೋ ಒಂದು ಮಾತು ತೆಗೆದು, ಬೆರಳ ಗೆಣ್ಣಿನಲ್ಲಿ ನನ್ನ ಎದೆಯ ಸದ್ದನ್ನು ಗುಟ್ಟಾಗಿ ಎಣಿಸಿಕೊಂಡು, ಮುಳ್ಳು ಓಡುತ್ತಿದೆಯೋ ತೆವಳುತ್ತಿದೆಯೋ ನೋಡಿ ಎದ್ದು ಹೋಗುತ್ತಿದ್ದರು. ನಿಮಿಷಕ್ಕೆ ಅರವತ್ತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ನಾನು ಹುಟ್ಟಿದ ದಿನ ಸೂಲಗಿತ್ತಿ ನನ್ನನ್ನು ತಾಯಿಯ ಮಗ್ಗುಲಿಗೆ ಹಾಕುವುದನ್ನು ಮರೆತು ಮುಕ್ಕಾಲು ಗಂಟೆ ಕೇಳುತ್ತ ನಿಂತಿದ್ದಳಂತೆ. ತಾಲ್ಲೂಕು ಕಚೇರಿಯ ಗೋಡೆ ಗಡಿಯಾರವನ್ನು ಎರಡು ಸಲ ನನ್ನ ಮನೆಗೆ ಹೊತ್ತು ತಂದಿದ್ದರು. ಎರಡು ಸಲ ಅಂದೆನೇ? ಹನ್ನೆರಡು ಸಲ. ನಂಬದವರು ಆ ಗಡಿಯಾರವನ್ನೇ ಕೇಳಿಕೊಳ್ಳಲಿ.

ನಮ್ಮೂರಿನಲ್ಲಿ ಎದೆಯ ಸದ್ದು ಹೊರಗೆ ಕೇಳುತ್ತದೆ. ಎಂಟು ಹೆಜ್ಜೆ ದೂರದವರೆಗೆ ಎಲ್ಲರದೂ ಎಲ್ಲರಿಗೂ ಕೇಳುತ್ತದೆ, ತನ್ನದು ಮಾತ್ರ ತನಗೆ ಕೇಳುವುದಿಲ್ಲ. ಆದ್ದರಿಂದ ನಮ್ಮಲ್ಲಿ ಮರ್ಯಾದೆಯ ಮೊದಲ ಪಾಠವೆಂದರೆ ಇನ್ನೊಬ್ಬರ ಸದ್ದನ್ನು ಬಾಯಲ್ಲಿ ಎತ್ತಬಾರದು. ಹಾಲುಹಲ್ಲು ಬೀಳುವ ತನಕ ತಾಯಿ ಮಗುವಿಗೆ ಹೇಳಬಹುದು. ಮದುವೆಯಾದ ಮೇಲೆ ಗಂಡ ಹೆಂಡತಿ ಬಾಗಿಲು ಹಾಕಿಕೊಂಡು ಒಬ್ಬರಿಗೊಬ್ಬರು ಹೇಳಿಕೊಳ್ಳಬಹುದು. ಮಿಕ್ಕವರು ಎತ್ತಿದರೆ ನಡುಬೀದಿಯಲ್ಲಿ ಸೆರಗಿಗೆ ಕೈ ಹಾಕಿದಷ್ಟೇ ತಪ್ಪು. ಕೆಳಗಿನ ಬೀದಿಯ ಅಣ್ಣತಮ್ಮಂದಿರು ಒಟ್ಟಿಗೆ ಊಟಕ್ಕೆ ಕೂತಿದ್ದಾಗ ಅಣ್ಣ ಬಾಯಿ ತಪ್ಪಿ, 'ಯಾಕೋ, ನಿಂದು ಡಬಡಬ ಅಂತಿದೆ' ಎಂದುಬಿಟ್ಟ. ಎಲೆ ಎತ್ತುವ ಮೊದಲೇ ಮನೆ ಭಾಗವಾಯಿತು. ನಡುವೆ ಎದ್ದ ಗೋಡೆ ಇವತ್ತಿಗೂ ಇದೆ, ಆನೆಯ ಮೇಲೆ ಆನೆ ನಿಂತಷ್ಟು ಎತ್ತರ. ಬೇರೆ ಊರುಗಳಲ್ಲಿ ಗಟ್ಟಿಮೇಳ ಬಾರಿಸುವುದು ಕೆಟ್ಟ ಶಬ್ದ ಕಿವಿಗೆ ಬೀಳದಿರಲಿ ಎನ್ನುವುದಕ್ಕಂತೆ. ನಮ್ಮಲ್ಲಿ ಅದು ಮದುಮಗನ ಎದೆ ಮುಚ್ಚಲು. ಯಾರ ಸದ್ದಾದರೂ ಓಡತೊಡಗಿದರೆ ಹತ್ತಿರವಿದ್ದ ಸಭ್ಯರು ಲೋಟ ಬೀಳಿಸುತ್ತಾರೆ, ಬೀಗದ ಕೈ ಗೊಂಚಲು ಅಲ್ಲಾಡಿಸುತ್ತಾರೆ, ಸುಮ್ಮನೆ ಕೆಮ್ಮುತ್ತಾರೆ. ಸದ್ದು ಓಡಿದರೆ ಮಾನ ಹೋದ ಹಾಗೆ, ಆದ್ದರಿಂದ ನಮ್ಮೂರಿನಲ್ಲಿ ಯಾರೂ ಓಡುವುದಿಲ್ಲ. ಮೂರು ಮೆಟ್ಟಿಲು ಹತ್ತಿ ಕೂರುತ್ತೇವೆ, ಮತ್ತೆ ಮೂರು ಹತ್ತುತ್ತೇವೆ. ಬಸ್ಸು ತಪ್ಪಿಸಿಕೊಂಡವರು ನಮ್ಮ ಚರಿತ್ರೆಯಲ್ಲೇ ಇಲ್ಲ. ಓಡಿ ಬರುವವರಿಲ್ಲ ಎಂದು ಗೊತ್ತಾಗಿ ಬಸ್ಸೇ ಕಾಯುತ್ತದೆ.

ಇಂಥ ಊರಿನ ಬೀಗದ ಕಾರ್ಖಾನೆಯಲ್ಲಿ ನಾನು ಉಗ್ರಾಣದ ಗುಮಾಸ್ತ. ಹೆಸರು ಚೆಲುವಯ್ಯ, ಹೆಸರಿಗೆ ತಕ್ಕ ಮುಖ. ನಲವತ್ತೊಂದಾದರೂ ಮದುವೆಯಾಗಿಲ್ಲ. ಹೆಣ್ಣು ಕೊಡುತ್ತೇವೆಂದು ಬಂದವರ ಸಾಲು ಊರಬಾಗಿಲು ದಾಟಿತ್ತು, ನಾನೇ ಯಾರನ್ನೂ ನೋಯಿಸುವುದು ಬೇಡವೆಂದು ಎಲ್ಲರಿಗೂ ಒಲ್ಲೆ ಎಂದೆ. ನನ್ನನ್ನು ಬಿಟ್ಟು ಕಾರ್ಖಾನೆಯಲ್ಲಿ ಅರವತ್ತು ಜನ. ಬೆಳಿಗ್ಗೆ ಮಣೆಯ ಮೇಲೆ ಕೂತರೆ ಸಂಜೆಗೇ ಏಳುವವರು. ಅರ ಹಿಡಿದು ಹಿತ್ತಾಳೆ ಉಜ್ಜುತ್ತಾರೆ, ಕೂತಲ್ಲೇ ತಿನ್ನುತ್ತಾರೆ, ಕೂತಲ್ಲೇ ಜಗಳವಾಡುತ್ತಾರೆ. ಕೆಲವರ ಮಣೆಗಳು ಅವರ ಆಕಾರಕ್ಕೇ ತಗ್ಗಾಗಿವೆ. ಒಬ್ಬರ ಮಣೆಯ ಮೇಲೆ ಇನ್ನೊಬ್ಬರು ಕೂರಲಾರರು.

ನನ್ನ ಉಗ್ರಾಣದ ಕಟ್ಟೆಗೆ ಒತ್ತಿಕೊಂಡಂತೆ, ಕಿಟಕಿಯ ಮೂಲೆಯಲ್ಲಿ, ಪುಟ್ಟಲಿಂಗಮ್ಮನ ಬೆಂಚು. ಬೀಗದ ಕೈಗೆ ಹಲ್ಲು ಕೊರೆಯುವುದರಲ್ಲಿ ಅವಳ ಸಮ ಇನ್ನೊಬ್ಬರಿಲ್ಲ. ಅವಳು ಕಣ್ಣು ಮುಚ್ಚಿಕೊಂಡು ಕೊರೆದ ಬೀಗದ ಕೈ ಒಂದೇ ತಿರುವಿಗೆ ಬೀಗ ತೆಗೆಯುತ್ತಿತ್ತು. ಇದು ಉತ್ಪ್ರೇಕ್ಷೆಯಲ್ಲ, ಮಿಕ್ಕಿದ್ದರಲ್ಲಿ ಸ್ವಲ್ಪ ಇದ್ದರೂ ಇದರಲ್ಲಿಲ್ಲ. ಐವತ್ತೆಂಟು ವರ್ಷ, ಒಂಟಿ ಹೆಂಗಸು, ಮನೆಯಲ್ಲಿ ಸದ್ದು ಹೇಳುವವರಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಕೆಲಸಕ್ಕೆ ಸೇರಿದಾಗ ಅರ ಹಿಡಿಯುವುದನ್ನು ಕಲಿಸಿದವಳು ಅವಳೇ. ಒಂದು ವಾರ ನೋಡಿದಳು. ಬೀಗದ ಕೈಗಿಂತ ನನ್ನ ಹೆಬ್ಬೆರಳನ್ನೇ ಹೆಚ್ಚು ಉಜ್ಜಿದ್ದೆ. "ನಿನ್ನ ನಾಲಿಗೆಗೆ ಇರೋ ಚುರುಕು ಬೆರಳಿಗೆ ಇಲ್ಲ ಕಣೋ, ಹೋಗಿ ಮೊಳೆ ಎಣಿಸು" ಎಂದು ಉಗ್ರಾಣಕ್ಕೆ ದೂಡಿದಳು. ಅಲ್ಲಿಂದ ಇಪ್ಪತ್ತೆರಡು ವರ್ಷ ನಾವಿಬ್ಬರೂ ಅಕ್ಕಪಕ್ಕ. ನಾನು ಲಿಂಗಕ್ಕ ಎನ್ನುತ್ತೇನೆ, ಅವಳು ಸಮಯಕ್ಕೆ ತೋಚಿದ್ದನ್ನು ಎನ್ನುತ್ತಾಳೆ.

ಆ ಕಾರ್ತಿಕದಲ್ಲಿ ಅವಳ ಸದ್ದು ಒಂದು ಸಲ ತಪ್ಪಿತು.

ಮೊಳೆ ಎಣಿಸುತ್ತಿದ್ದ ನನ್ನ ಕೈ ಗಾಳಿಯಲ್ಲೇ ನಿಂತಿತು. ಇಪ್ಪತ್ತೆರಡು ವರ್ಷ ಎಡೆಬಿಡದೆ ಕೇಳಿದ ಸದ್ದು, ಮನೆಯ ಮುಂದಿನ ನಲ್ಲಿಯ ಹಾಗೆ, ಇದೆ ಎನ್ನುವುದೇ ಮರೆತುಹೋಗಿತ್ತು. ಆಮೇಲೆ ಮತ್ತೆ ಬಂತು. ಏನೋ ನನ್ನ ಕಿವಿಯದೇ ದೋಷ ಎಂದುಕೊಂಡೆ. ಸಂಕ್ರಾಂತಿಯ ಹೊತ್ತಿಗೆ ಮೂವತ್ತಕ್ಕೆ ಒಂದು ತಪ್ಪುತ್ತಿತ್ತು, ಶಿವರಾತ್ರಿಯ ಹೊತ್ತಿಗೆ ಇಪ್ಪತ್ತಕ್ಕೆ. ಯುಗಾದಿಗೆ ಹನ್ನೊಂದು ಬಡಿಯುವುದು, ಹನ್ನೆರಡನೆಯದು ಇಲ್ಲ. ಅವಳು ಏನೂ ಆಗದವಳ ಹಾಗೆ ಎಲೆ ಅಡಿಕೆ ಮೆಲ್ಲುತ್ತ ಹಲ್ಲು ಕೊರೆಯುತ್ತಿದ್ದಳು. ಮಧ್ಯೆ ಒಮ್ಮೊಮ್ಮೆ ಅರ ಕೆಳಗಿಟ್ಟು, ಕಿಟಕಿಯ ಸರಳು ಹಿಡಿದುಕೊಂಡು, ಬಿಸಿಲು ಈ ವರ್ಷ ಜಾಸ್ತಿ ಎನ್ನುವಳು. ನಾನು ಆ ಖಾಲಿ ಜಾಗದಲ್ಲಿ ದಿನಕ್ಕೆ ಸಾವಿರ ಸಲ ಬಿದ್ದು ಸಾವಿರ ಸಲ ಎದ್ದೆ. ಒಂದು ಡಜನ್ ಮೊಳೆ ಕೇಳಿದವರಿಗೆ ಎರಡು ಕೊಟ್ಟೆ, ಎರಡು ಕೇಳಿದವರಿಗೆ ಸ್ಕ್ರೂ ಕೊಟ್ಟೆ. ಅನ್ನ ಇಳಿಯಲಿಲ್ಲ. ಮನೆಯಲ್ಲಿ ಕೂತರೆ ಹನ್ನೊಂದರ ನಂತರ ತಾನಾಗಿಯೇ ಉಸಿರು ಹಿಡಿಯುತ್ತಿದ್ದೆ.

ಲಿಂಗಕ್ಕನ ಬೆಂಚಿನ ಇನ್ನೊಂದು ಬದಿಗೆ, ತಂತಿಬಲೆಯ ಆಚೆ, ಯಜಮಾನರಾದ ಧರಣೇಂದ್ರಯ್ಯನವರ ಕೋಣೆ. ಅವರಿಗೂ ಕೇಳುತ್ತಿತ್ತು. ಒಂದು ದಿನ ನನ್ನನ್ನು ಕರೆಸಿದರು. ಬಹಳ ಹೊತ್ತು ಕನ್ನಡಕ ಒರೆಸಿದರು.

"ಚೆಲುವಯ್ಯ, ಆ ಮೂಲೆಯ ಬೆಂಚು ಸ್ವಲ್ಪ ಅಲ್ಲಾಡ್ತಿದೆ ಅನ್ಸುತ್ತೆ" ಎಂದರು.

ನಮ್ಮೂರಿನ ಸಭ್ಯರು ಹೀಗೆಯೇ ಮಾತಾಡಬೇಕು. ನಾನು ಹೇಳಿದೆ, "ಹೌದು ಯಜಮಾನ್ರೆ. ಹನ್ನೊಂದು ಸಲ ಗಟ್ಟಿಯಾಗಿ ನಿಲ್ಲುತ್ತೆ, ಹನ್ನೆರಡನೇ ಸಲಕ್ಕೆ ಅಲ್ಲಾಡುತ್ತೆ."

"ಬಡಗಿಗೆ ತೋರಿಸಬೇಕಲ್ಲ."

"ತೋರಿಸಬೇಕು. ಬೆಂಚಿಗೆ ಹೇಳೋರು ಯಾರು?"

ಅವರು ಮತ್ತೆ ಕನ್ನಡಕ ಒರೆಸಿದರು. "ನಾನು ಬಾಯಿ ಬಿಟ್ಟರೆ ಇವತ್ತೇ ಎದ್ದು ಮನೆಗೆ ಹೋಗ್ತಾಳೆ. ಹೋದಮೇಲೆ ಅಲ್ಲಿ ಕೇಳಿಸಿಕೊಳ್ಳೋಕೆ ಒಂದು ಬೆಕ್ಕೂ ಇಲ್ಲ. ನೀನು ಹೇಳಿದರೂ ಅಷ್ಟೇ." ಆಮೇಲೆ ಮೇಜಿನ ಖಾನೆಯಿಂದ ಒಂದು ಪತ್ರಿಕೆಯ ತುಂಡು ತೆಗೆದರು. ಪಟ್ಟಣದ ಕಾರ್ಖಾನೆಗಳಲ್ಲಿ ನೌಕರರ ಕ್ಷೇಮಕ್ಕೆಂದು ದಿನಾ ನಡಿಗೆ ಮಾಡಿಸುತ್ತಾರೆ, ಉಸಿರಾಟ ಹೇಳಿಕೊಡುತ್ತಾರೆ, ವಾರಕ್ಕೊಮ್ಮೆ ಡಾಕ್ಟರು ಬಂದು ನೋಡುತ್ತಾರೆ ಎಂದು ಅದರಲ್ಲಿತ್ತು. "ಒಬ್ಬಳಿಗೆ ಹೇಳೋಕಾಗದ್ದನ್ನ ಎಲ್ಲರಿಗೂ ಹೇಳಿಬಿಡೋಣ" ಎಂದರು. "ಹೊರಗಿನ ಡಾಕ್ಟರು ಬಂದರೆ ಅವರಿಗೆ ನಮ್ಮ ನಾಚಿಕೆ ಇಲ್ಲ, ಪರದೆ ಹಿಂದೆ ಕೂರಿಸಿ ಇದ್ದದ್ದನ್ನ ಹೇಳ್ತಾರೆ. ಜನರನ್ನ ಸೇರಿಸೋ ಕೆಲಸ ನಿಂದು. ನಿನ್ನ ಬಾಯಿ ಇದಕ್ಕಾದರೂ ಉಪಯೋಗಕ್ಕೆ ಬರಲಿ."

ಹೀಗೆ ನಾನು ಕ್ಷೇಮ ಕಾರ್ಯಕ್ರಮದ ಪ್ರೇರಕನಾದೆ. ಕೊರಳಿಗೆ ಒಂದು ಪೀಪಿ ಬಂತು, ಕೈಗೊಂದು ಹಾಜರಿ ಪುಸ್ತಕ. ನಾನು ಬರೆದ ನೋಟೀಸನ್ನು ಓದಿ ಅತ್ತವರಿದ್ದಾರೆ. 'ದಿನಾ ನಾಲ್ಕು ಗಂಟೆಗೆ ಹಿಂದಿನ ಅಂಗಳದಲ್ಲಿ ಅರ್ಧ ಗಂಟೆ ನಡಿಗೆ, ಶುಕ್ರವಾರ ಡಾಕ್ಟರಮ್ಮನ ಭೇಟಿ, ಎಲ್ಲರೂ ಬಂದು ಆರೋಗ್ಯವಂತರಾಗಬೇಕು' ಎಂದು ಕೆಂಪು ಶಾಯಿಯಲ್ಲಿ ಬರೆದು ಬಾಗಿಲಿಗೆ ಅಂಟಿಸಿದೆ. ಮೊದಲನೆಯ ದಿನ ನಾಲ್ಕಕ್ಕೆ ಅಂಗಳದಲ್ಲಿ ನಾನು, ನನ್ನ ಪೀಪಿ, ಒಂದು ಮೇಕೆ. ಮೇಕೆ ಎರಡು ಸುತ್ತು ಹಾಕಿತು.

ಆಮೇಲೆ ತಿಳಿಯಿತು ಏನಾಗಿದೆ ಎಂದು. ನಮ್ಮ ಜನ ನೋಟೀಸನ್ನು ಓದಿದವರೇ, ಯಾರದೋ ಒಬ್ಬರ ಸದ್ದು ಕೆಟ್ಟಿದೆ, ಅದನ್ನು ಹೇಳಲಾರದೆ ಯಜಮಾನರು ಎಲ್ಲರನ್ನೂ ಕರೆಯುತ್ತಿದ್ದಾರೆ ಎಂದು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದರು. ಲಿಂಗಕ್ಕನ ಮೂಲೆ ಅವರ ಮಣೆಗಳಿಗೆ ಎಂಟು ಹೆಜ್ಜೆಗಿಂತ ದೂರ, ನನ್ನ ಕಟ್ಟೆಗೆ ಬಂದವರೂ ಗಳಿಗೆಯಲ್ಲಿ ಹಿಂದಿರುಗುವವರು. ತನ್ನದು ತನಗೆ ಕೇಳದು. ಆದ್ದರಿಂದ ಅರವತ್ತು ಜನರೂ ಬೇರೆ ಬೇರೆಯಾಗಿ, ಯಾರಿಗೂ ಹೇಳದೆ, ಆ ಒಬ್ಬ ತಾನೇ ಎಂದು ತೀರ್ಮಾನಿಸಿದ್ದರು. ಅಂಗಳಕ್ಕೆ ಹೋದವನು ಒಪ್ಪಿಕೊಂಡಂತೆ. ಹೋಗದವನಿಗೆ ಮಾನವಾದರೂ ಉಳಿಯಿತು.

ಕಾರ್ಖಾನೆಯೊಳಗೆ ಒಂದು ಚಡಪಡಿಕೆ ಹೊಕ್ಕಿತು. ಮಾತಾಡುತ್ತಿದ್ದವರು ತಟ್ಟನೆ ನಿಲ್ಲಿಸಿ ಎದುರಿನವರ ಹುಬ್ಬು ನೋಡುವರು, ತನ್ನದನ್ನು ಕೇಳಿ ಇವನ ಹುಬ್ಬು ಏರಿತೇ ಎಂದು. ಒಬ್ಬ ಗೋಡೆಗೆ ಎದೆ ಒತ್ತಿ ಹಿಂದಿರುಗುವ ದನಿಗೆ ಕಾಯುತ್ತಿದ್ದ. ಇನ್ನೊಬ್ಬಳು ಮೊಮ್ಮಗಳನ್ನು ಎದೆಗೊರಗಿಸಿಕೊಂಡು, ಮಗು ಅತ್ತರೆ ಕೆಟ್ಟಿದೆ, ಮಲಗಿದರೆ ಸರಿಯಿದೆ ಎಂದು ಪರೀಕ್ಷೆ ಮಾಡಿದಳು. ಮಗು ಮೊದಲು ಅತ್ತು ಆಮೇಲೆ ಮಲಗಿ ಅವಳನ್ನು ಇನ್ನಷ್ಟು ಕೆಡಿಸಿತು. ಮೆರುಗಿನ ವಿಭಾಗದ ಬಾಷಾ ಮೇಸ್ತ್ರಿಯಂತೂ, ಮೀಸೆ ತಿರುವಿಕೊಂಡು ಎಲ್ಲರನ್ನೂ ಹೀಯಾಳಿಸುವ ಆಸಾಮಿ, ಮೂರು ಬೆಳಗು ಹೆಂಡತಿಯಿಂದ ಎಣಿಸಿಕೊಂಡನಂತೆ. ಅವಳು ಸರಿಯಿದೆ ಎಂದಳು. ಅಷ್ಟು ಬೇಗ ಸರಿಯಿದೆ ಎಂದಳಲ್ಲ ಎಂದು ಅವನಿಗೆ ಅನುಮಾನ.

"ಚೆಲುವಯ್ಯ, ನೀನು ಉಗ್ರಾಣದವನು, ಎಲ್ಲರ ಹತ್ತಿರ ಹೋಗಿ ಬರ್ತೀಯ" ಎಂದು ಕಟ್ಟೆಗೆ ಮೊಣಕೈ ಊರಿ ಕೇಳಿದ. "ಮೆರುಗಿನ ಕಡೆ ಬಂದಾಗ ಏನಾದ್ರೂ... ಸೆಕೆ ಅನ್ಸುತ್ತಾ?"

"ಸೆಕೆ ಇಲ್ಲ ಮೇಸ್ತ್ರಿ, ತಣ್ಣಗೇ ಇದೆ."

"ತಣ್ಣಗೆ ಅಂದ್ರೆ? ತೀರಾ ತಣ್ಣಗಾ?" ಅವನ ಮುಖ ಬಿಳಿಚಿತು. ಆ ಕಡೆ ತಿರುಗಿ ಹೋದವನು ಸಂಜೆಯವರೆಗೆ ಯಾರನ್ನೂ ಬಯ್ಯಲಿಲ್ಲ.

ನಾನು ಬಿಟ್ಟೆನೇ? ಎರಡನೆಯ ದಿನ ಬೋಂಡ ಮಾಡಿಸಿದೆ. ನಾಲ್ಕು ಸಾವಿರ ಬೋಂಡ, ಅಂಗಳದ ಆ ತುದಿಯಲ್ಲಿ, ನಡೆದು ಹೋಗಿ ತಿನ್ನಬೇಕೆಂದು. ಬಂದರು, ಆಮೆಯಷ್ಟು ನಿಧಾನವಾಗಿ ಬಂದು ತಿಂದು, ಅಲ್ಲಿಯೇ ಕೂತು, ಅಷ್ಟೇ ನಿಧಾನವಾಗಿ ಹಿಂದಿರುಗಿದರು. ಮೂರನೆಯ ದಿನ ಅರದವರಿಗೂ ಮೆರುಗಿನವರಿಗೂ ಪಂದ್ಯ ಕಟ್ಟಿದೆ, ಎರಡೂ ಕಡೆಯವರು ಎದುರಿನವರಿಗೆ ಗೆಲುವು ಬಿಟ್ಟುಕೊಟ್ಟರು. ಪ್ರೇರೇಪಿಸುವುದು ಎಂದರೆ ಏನೆಂದು ಆ ವಾರದಲ್ಲಿ ನಾನು ಕಂಡಷ್ಟು ಯಾರೂ ಕಂಡಿಲ್ಲ. ಜನರಿಗೆ ಒಳ್ಳೆಯದು ಬೇಡವೆಂದಲ್ಲ. ಅದನ್ನು ತೆಗೆದುಕೊಳ್ಳುವಾಗ ಯಾರೂ ನೋಡಬಾರದು, ಅಷ್ಟೇ.

ಲಿಂಗಕ್ಕನನ್ನು ಕೇಳಿಯೂ ನೋಡಿದೆ. "ಅಕ್ಕ, ನೀನು ಬಂದರೆ ಮಿಕ್ಕವರೂ ಬರ್ತಾರೆ."

"ಐವತ್ತೆಂಟು ವರ್ಷ ಯಾರ ಮುಂದೂ ಜೋರಾಗಿ ಹೆಜ್ಜೆ ಹಾಕದೋಳು ಈಗ ಅಂಗಳದಲ್ಲಿ ಗಾಣದೆತ್ತಿನ ಹಾಗೆ ಸುತ್ತಲಾ?" ಎಂದಳು. "ನಿನ್ನ ಪೀಪಿ ನೀನೇ ಊದ್ಕೊ. ಅಲ್ಲ ಕಣೋ, ನೀನು ಎಲ್ಲರಿಗೂ ನಡೀರಿ ನಡೀರಿ ಅಂತೀಯ, ನೀನೊಂದು ಸುತ್ತು ಹಾಕಿದ್ದನ್ನ ನಾನು ಕಾಣೆ." ಅದು ನಿಜವಾಗಿತ್ತು. ಮೇಕೆ ಎರಡು ಹಾಕಿತ್ತು, ನಾನು ಒಂದೂ ಹಾಕಿರಲಿಲ್ಲ. ಅಷ್ಟರಲ್ಲಿ ಅವಳ ಸದ್ದು ಹನ್ನೊಂದನ್ನು ಮುಗಿಸಿತು. ನಾನು ಕಾದೆ. ಅವಳು ಅರ ಎತ್ತಿಕೊಂಡಳು.

ಮೊದಲ ಶುಕ್ರವಾರ ಡಾಕ್ಟರಮ್ಮ ಬಂದು ಪರದೆಯ ಹಿಂದೆ ಒಂದು ಗಂಟೆ ಕೂತು ಸ್ವೆಟರ್ ಹೆಣೆದರು. ಎರಡನೆಯ ಶುಕ್ರವಾರ ಅದರ ತೋಳು ಮುಗಿಯಿತು. ಒಂದು ಸಲ ಹಾಗೆ ಸುಮ್ಮನೆ ಮೂಲೆಯ ಕಡೆ ಹೋಗಿ ಬನ್ನಿ ಎಂದು ಕೇಳಿಕೊಂಡೆ. ಅವರು ಎರಡು ಹೆಜ್ಜೆ ಇಡುವಷ್ಟರಲ್ಲಿ ಲಿಂಗಕ್ಕ ಅವರ ಚೀಲ ನೋಡಿ, ಒಂದು ಹಿಡಿ ಬೀಗದ ಕೈಗಳನ್ನು ತಟ್ಟೆಗೆ ಸುರಿದು ಸದ್ದು ಮಾಡುತ್ತ, ಎಲೆಗೆ ಸುಣ್ಣ ತರುತ್ತೇನೆಂದು ಎದ್ದು ಹೋದಳು. ಡಾಕ್ಟರಮ್ಮ ಚೀಲ ಕಟ್ಟಿದರು. "ಬರುವ ಶುಕ್ರವಾರ ಅರ್ಧಕ್ಕರ್ಧ ಜನ ಸಾಲಿನಲ್ಲಿ ನಿಲ್ಲದಿದ್ದರೆ ನಾನು ಬರೋದಿಲ್ಲ" ಎಂದರು. "ಬೇರೆ ಊರುಗಳಲ್ಲಿ ನನಗೋಸ್ಕರ ಜನ ಬಾಗಿಲಲ್ಲಿ ಕಾದಿರ್ತಾರೆ." ನ್ಯಾಯವಾದ ಮಾತು. ಅವರು ಹೋದ ಮೇಲೆ ಬಂದು ಕಟ್ಟೆಯಲ್ಲಿ ಕೂತೆ. ಆ ಮಧ್ಯಾಹ್ನ ಎರಡು ಸಲ ಲಿಂಗಕ್ಕನ ಸದ್ದು ಒಂಬತ್ತಕ್ಕೇ ತಪ್ಪಿತು.

ಭಾನುವಾರವೆಲ್ಲ ಮನೆಯ ಪಡಸಾಲೆಯಲ್ಲಿ ಹಿಂದಕ್ಕೂ ಮುಂದಕ್ಕೂ ತಿರುಗಿದೆ. ಸೋಮವಾರ ಊಟದ ಹೊತ್ತಿಗೆ ಮೊಳೆಯ ಪೆಟ್ಟಿಗೆಯ ಮೇಲೆ ಹತ್ತಿ ನಿಂತೆ. ಪೀಪಿ ಊದಿದೆ. ಅರವತ್ತು ತುತ್ತು ಅರವತ್ತು ಬಾಯಿಯ ಹತ್ತಿರ ನಿಂತವು.

"ಈ ಕಾರ್ಯಕ್ರಮ ಯಾರಿಗೋಸ್ಕರ ಅಂತ ಹದಿನೈದು ದಿನದಿಂದ ನೀವೆಲ್ಲ ಒದ್ದಾಡ್ತಿದೀರಿ" ಎಂದೆ. "ಇನ್ನು ಮುಚ್ಚಿಡಲ್ಲ. ನನಗೋಸ್ಕರ. ನನ್ನ ಸದ್ದು ತಪ್ತಿದೆ. ಡಾಕ್ಟರಮ್ಮ ಶುಕ್ರವಾರ ಹೇಳಿದರು. ದಿನಾ ನಡೀಬೇಕಂತೆ. ಒಬ್ಬನೇ ನಡೆಯೋಕೆ ನಾಚಿಕೆ. ನೀವು ಜೊತೆಗೆ ಬಂದರೆ ಉಳೀತೀನಿ."

ಒಬ್ಬ ಮನುಷ್ಯ ತನ್ನ ಸದ್ದನ್ನು ತಾನೇ ಸಭೆಯಲ್ಲಿ ಎತ್ತಿದ್ದು ಊರು ಹುಟ್ಟಿದ ಮೇಲೆ ಅದೇ ಮೊದಲು. ಯಾರ ಕಣ್ಣೂ ಮೇಲಕ್ಕೇಳಲಿಲ್ಲ. ಆದರೆ ನನ್ನ ಸುತ್ತ ಎಂಟು ಹೆಜ್ಜೆಯಲ್ಲಿದ್ದವರ, ಹದಿನೈದು ದಿನದಿಂದ ಓಡುತ್ತಿದ್ದ ಎದೆಗಳೆಲ್ಲ ಒಂದೊಂದಾಗಿ ಇಳಿದು ನಡಿಗೆಗೆ ಬಂದವು. ಸದ್ಯ, ತಾನಲ್ಲ. ಇದು ಸುಳ್ಳೆಂದು ಅವರಿಗೆ ಕೇಳುತ್ತಿರಬೇಕಲ್ಲವೇ? ನಿಮಿಷಕ್ಕೆ ಅರವತ್ತು ಬಡಿಯುವ ಎದೆ ಅವರ ಮುಂದೆಯೇ ನಿಂತಿತ್ತು. ಆದರೆ ಇಲ್ಲ ಎನ್ನಬೇಕಾದರೆ ಇನ್ನೊಬ್ಬನ ಸದ್ದು ಎತ್ತಬೇಕು. ಎತ್ತುವಂತಿಲ್ಲ. ನಮ್ಮೂರಿನ ಮರ್ಯಾದೆಯನ್ನು ಇಷ್ಟು ಚೆನ್ನಾಗಿ ಬಳಸಿಕೊಂಡವನು ನಾನೊಬ್ಬನೇ ಎಂದು ಪೆಟ್ಟಿಗೆಯ ಮೇಲೆ ನಿಂತೇ ಬೀಗುತ್ತಿದ್ದೆ. ಆಗ ಬಾಷಾ ಮೇಸ್ತ್ರಿ ತಲೆ ತಗ್ಗಿಸಿಕೊಂಡೇ ಸೊಂಟದ ಗೊಂಚಲು ತೆಗೆದು ಝಲ್ ಝಲ್ ಎಂದು ಅಲ್ಲಾಡಿಸಿದ. ನನ್ನ ಸದ್ದನ್ನು ಮುಚ್ಚಲು.

ಯಾಕೆ ಅಲ್ಲಾಡಿಸಿದ?

ಸಂಜೆ ನಾಲ್ಕಕ್ಕೆ ಅಂಗಳ ತುಂಬಿತು. ಯಾವನ ಮನೆಯಲ್ಲೂ ಮದುವೆಗೆ ಅಷ್ಟು ಜನ ಸೇರಿಲ್ಲ. ಇನ್ನೊಬ್ಬನನ್ನು ಉಳಿಸಲು ನಡೆಯುವುದರಲ್ಲಿ ಯಾವ ಮಾನವೂ ಹೋಗುವುದಿಲ್ಲವಲ್ಲ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡರು, ಪಂಚೆ ಮೇಲಕ್ಕೆ ಕಟ್ಟಿದರು. ಎರಡನೆಯ ಸುತ್ತಿಗೆ ಐವತ್ತೊಂಬತ್ತು ಎದೆಗಳು ಡೊಳ್ಳು ಮೇಳದ ಹಾಗೆ ಗುಡುಗುತ್ತಿದ್ದವು. ಯಾರೂ ಏನನ್ನೂ ಬೀಳಿಸಿ ಮುಚ್ಚಲಿಲ್ಲ, ಎಲ್ಲರದೂ ಓಡುವಾಗ ಮುಚ್ಚುವುದು ಯಾರದನ್ನು? ನಗತೊಡಗಿದರು. ಒಬ್ಬ ಮುದುಕ, ಮೊಳಕಾಲು ಹಿಡಿದುಕೊಂಡು, ಇಷ್ಟು ವರ್ಷ ತನಗೆ ಹಿಂದಿನ ಅಂಗಳದಲ್ಲಿ ಬೇವಿನ ಮರವಿರುವುದೇ ಗೊತ್ತಿರಲಿಲ್ಲ ಎಂದ. ನಾನು ಪೀಪಿ ಊದುತ್ತ, ಎಡ, ಬಲ, ಎಡ, ಬಲ ಎಂದು ಎಣಿಸುತ್ತ ಅವರ ನಡುವೆ ನಡೆದೆ. ಹಾಜರಿ ಪುಸ್ತಕದಲ್ಲಿ ಒಂದೇ ಒಂದು ಮನೆ ಖಾಲಿ ಉಳಿದಿತ್ತು. ಬರಬೇಕಾದ ಒಬ್ಬಳೇ ಬಂದಿರಲಿಲ್ಲ. ಕಿಟಕಿಯಲ್ಲಿ ಅವಳ ತಲೆ 'ಕರ್ರ್ ಕರ್ರ್' ಎನ್ನುವ ಅರದ ಜೊತೆ ತೂಗುತ್ತಿತ್ತು.

ಮಂಗಳವಾರವೂ ಬರಲಿಲ್ಲ, ಬುಧವಾರವೂ ಬರಲಿಲ್ಲ. ನನ್ನ ಜೊತೆ ಮಾತೂ ಬಿಟ್ಟಳು. ಮಿಕ್ಕವರು ಮಾತ್ರ ನನ್ನನ್ನು ಅಂಗೈಯಲ್ಲಿ ಇಟ್ಟುಕೊಂಡರು. ಮೆತ್ತಗೆ ಬೇಯಿಸಿದ ಅನ್ನ ತಂದರು, ಮಜ್ಜಿಗೆ ತಂದರು. "ಮೊಳೆ ಪೆಟ್ಟಿಗೆ ಎತ್ತಬೇಡ ಬಿಡು ಮಾರಾಯ, ನಾನಿಲ್ವಾ" ಎಂದು ಬಾಷಾ ಮೇಸ್ತ್ರಿ ತಾನೇ ಹೊತ್ತ. ಬಯ್ಗುಳವಿಲ್ಲದೆ ನನ್ನ ಹೆಸರು ಹಿಡಿಯುವುದೇ ಅಪರೂಪವಾಗಿದ್ದ ಮನುಷ್ಯ. ಕೈಗಡಿಯಾರದವರು ಬರುವುದು ನಿಂತಿತು. ಒಬ್ಬರೂ ಬರಲಿಲ್ಲ. ಬಂದು ಎಣಿಸಿದ್ದರೆ ಗೊತ್ತಾಗುತ್ತಿತ್ತಲ್ಲ, ನನ್ನದು ಸರಿಯಿದೆ ಎಂದು. ಅಥವಾ ಕೆಟ್ಟಿದೆ ಎಂದು ಗೊತ್ತಾಗಿಯೇ ಬಾರದೆ ಹೋದರೋ? ಕಾರ್ತಿಕದಿಂದ ಇಲ್ಲಿಯವರೆಗೆ ಅವಳ ಜೊತೆ ದಿನಕ್ಕೆ ಸಾವಿರ ಸಲ ನಿಂತ ಎದೆ, ಅದೂ ನಿಲ್ಲುವುದನ್ನು ಕಲಿತಿದ್ದರೆ? ಐವತ್ತೊಂಬತ್ತು ಜನರಲ್ಲಿ ಒಬ್ಬರಾದರೂ, ಮರ್ಯಾದೆ ಮುರಿದಾದರೂ, 'ನಿಂದೇನೂ ಆಗಿಲ್ಲ ಹೋಗೋ' ಎನ್ನಬಹುದಿತ್ತು. ಬುಧವಾರ ಸಂಜೆ ಕನ್ನಡಿಯ ಮುಂದೆ ಅಂಗಿ ಬಿಚ್ಚಿ ನಿಂತು ಎದೆಯ ಚರ್ಮ ಅಲುಗುವುದನ್ನು ಎಣಿಸಲು ನೋಡಿದೆ. ಬೊಜ್ಜಿನ ದೆಸೆಯಿಂದ ಏನೂ ಕಾಣಲಿಲ್ಲ.

ಗುರುವಾರ ನಾಲ್ಕಕ್ಕೆ ಪೀಪಿ ಊದಿ ಮೊದಲ ಹೆಜ್ಜೆ ಇಡುವಾಗ ಯಾರೋ ನನ್ನ ಮೊಣಕೈ ಹಿಡಿದರು. ಲಿಂಗಕ್ಕ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ರೋಗಿಯನ್ನು ಹಿಡಿದುಕೊಂಡ ಹಾಗೆ ನನ್ನನ್ನು ಹಿಡಿದುಕೊಂಡು, ಮುಂದೆ ನೋಡುತ್ತ ಒಂದು ಸುತ್ತು ನಡೆದಳು. ಅವಳ ಉಸಿರು ಆಗಲೇ ಏರಿತ್ತು. ನಾನು ನಡಿಗೆ ನಿಧಾನಿಸಿದೆ, ನನ್ನ ಹಿಂದೆ ಎಲ್ಲರೂ ನಿಧಾನಿಸಿದರು. ಬೇವಿನ ಮರದ ಹತ್ತಿರ ಅವಳು ಬಾಯಿ ತೆರೆದಳು.

"ನಿಂದು ಸರಿಯಾಗೇ ಇದೆ" ಎಂದಳು.

ನಾನು ಎಡ, ಬಲ ಎನ್ನುತ್ತಲೇ ನಡೆದೆ.

"ಇಪ್ಪತ್ತೆರಡು ವರ್ಷದಿಂದ ಕೇಳ್ತಿದೀನಿ. ಈಚೆಗೆ ಸ್ವಲ್ಪ ಅವಸರ ಮಾಡ್ತಿದೆ, ಅರವತ್ತೂ ಅಲ್ಲ ಗಿರವತ್ತೂ ಅಲ್ಲ, ಎಪ್ಪತ್ತರ ಮೇಲಿದೆ. ಆದರೆ ತಪ್ಪಿಲ್ಲ. ಒಂದು ಸಲವೂ ತಪ್ಪಿಲ್ಲ."

ಎಡ ಎನ್ನಬೇಕಾದಲ್ಲಿ ಬಲ ಎಂದೆ. ಮೂರು ದಿನದ ಭಾರ ಬೆನ್ನಿನಿಂದ ಇಳಿದದ್ದಕ್ಕೋ, ಅರವತ್ತು ಹೋದದ್ದಕ್ಕೋ, ಅವಳು ಬಾಯಿಬಿಟ್ಟು ಹೇಳಿಬಿಟ್ಟಳಲ್ಲ ಎನ್ನುವುದಕ್ಕೋ ತಿಳಿಯಲಿಲ್ಲ. ಇನ್ನು ನಾನು ಅವಳ ಮುಖ ನೋಡಬಾರದು, ಅವಳು ನನ್ನ ಮುಖ ನೋಡಬಾರದು, ನಮ್ಮೂರಿನ ರೂಢಿ ಅದು. ನೋಡಿದೆ. ಅವಳ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

"ಸೋಮವಾರದಿಂದ ಯೋಚನೆ ಮಾಡಿದೆ" ಎಂದಳು. "ಇವನು ಸುಳ್ಳ, ಸರಿ, ಹುಟ್ಟುಸುಳ್ಳ. ಆದರೆ ತನ್ನದು ಚೆನ್ನಾಗಿದೆ ಅಂತ ಸುಳ್ಳು ಹೇಳೋನು, ಕೆಟ್ಟಿದೆ ಅಂತ ಯಾಕೆ ಹೇಳಿದ? ಇನ್ನೊಬ್ಬರದು ಕೆಟ್ಟಿರಬೇಕು. ಇವನ ಕಟ್ಟೆಗೆ ಯಾರ ಸದ್ದು ಕೇಳುತ್ತೆ? ತಂತಿಬಲೆಯ ಆಚೆ ಯಜಮಾನ್ರದು, ಈಚೆ ನಂದು. ಯಜಮಾನ್ರದು ನಾನೇ ದಿನಾ ಕೇಳ್ತೀನಿ, ಕುದುರೆ ಹಾಗಿದೆ." ಮೂರು ಹೆಜ್ಜೆ ನಡೆದಳು. "ಈಗ ನಂದು ಹೇಳು."

ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಮಾತಾಡು ಎಂದು ಕೇಳಿಕೊಂಡಿರಲಿಲ್ಲ, ನಿಲ್ಲಿಸು ಎಂದೇ ಎಲ್ಲರೂ ಹೇಳಿದ್ದು. ಈಗ ಇವಳು ಕೇಳಿದಳು. ದೊಡ್ಡದು ಮಾಡಿ ಹೇಳಲೇ ಚಿಕ್ಕದು ಮಾಡಿ ಹೇಳಲೇ ಎಂದು ಒಂದು ಗಳಿಗೆ ತೂಗಿದೆ. ಎರಡೂ ಬಾಯಿಗೆ ಬರಲಿಲ್ಲ.

"ಹನ್ನೊಂದು ಬಡಿಯುತ್ತೆ ಅಕ್ಕ. ಹನ್ನೆರಡನೇದು ಇಲ್ಲ."

"ಯಾವಾಗಿಂದ?"

"ಕಾರ್ತಿಕದಿಂದ. ಮೊದಲು ಮೂವತ್ತಕ್ಕೆ ಒಂದಿತ್ತು. ಹೋದ ಶುಕ್ರವಾರ ಎರಡು ಸಲ ಒಂಬತ್ತಕ್ಕೇ ತಪ್ಪಿತು."

ಅವಳ ಬೆರಳುಗಳು ನನ್ನ ಮೊಣಕೈಯನ್ನು, ಬೀಗದ ಕೈಯ ಹಲ್ಲು ನೋಡುವಾಗಿನ ಹಾಗೆ, ಒಂದೊಂದಾಗಿ ಒತ್ತಿ ನೋಡಿದವು. "ಸೀಮೆಗೆಲ್ಲ ಬೀಗ ಮಾಡಿಕೊಟ್ಟೆ, ನಿನ್ನ ಬಾಯಿಗೆ ಬಿದ್ದಂಥ ಬೀಗ ಕಾಣೆ" ಎಂದಳು. "ಕಾರ್ತಿಕದಿಂದ ನನ್ನ ಪಕ್ಕದಲ್ಲಿ ಇದನ್ನ ಇಟ್ಕೊಂಡು ಕೂತಿದ್ದೀಯಲ್ಲೋ ಮೂಳ. ಅದಕ್ಕೇ ಮೊಳೆ ಕೇಳಿದರೆ ಸ್ಕ್ರೂ ಕೊಡ್ತಿದ್ದೆ." ಆಮೇಲೆ, "ನಾಳೆ ಪರದೆ ಹಿಂದೆ ಮೊದಲು ನಾನು ಕೂರ್ತೀನಿ. ನೀನೂ ಬಾ. ಆ ಡಾಕ್ಟರಮ್ಮನಿಗೆ ಹೇಳೋಕೆ ನನಗೆ ಬಾಯಿ ಬರಲ್ಲ, ಈಗ ಹೇಳಿದ ಹಾಗೇ ಹೇಳು. ಒಂದು ಹೆಚ್ಚು ಸೇರಿಸಿದರೆ ಅಲ್ಲೇ ಕಪಾಳಕ್ಕೆ ಬಿಡ್ತೀನಿ."

"ಆಗಲಿ ಅಕ್ಕ."

"ಈಗ ಎಣಿಸು. ಗಟ್ಟಿಯಾಗಿ. ಹೇಗಿದೆ ಅಂತ ನಾನೂ ಕೇಳ್ಬೇಕು."

ಎಡ ಬಲ ಎನ್ನುವುದನ್ನು ಬಿಟ್ಟು ಅವಳ ಎದೆಗೆ ಕಿವಿ ಕೊಟ್ಟೆ. "ಒಂದು" ಎಂದೆ. "ಎರಡು. ಮೂರು." ಹಿಂದಿನವರು ನನ್ನ ದನಿಗೆ ಹೆಜ್ಜೆ ಹಾಕಿ ಮೂರು ದಿನದಿಂದ ರೂಢಿಯಾದವರು, ಇವತ್ತು ಎಣಿಕೆ ಬದಲಾಗಿದೆ ಎಂದುಕೊಂಡು ಅದಕ್ಕೂ ಹೆಜ್ಜೆ ಹಾಕಿದರು. ನಾಲ್ಕು, ಐದು, ಆರು. ಐವತ್ತೊಂಬತ್ತು ಜೊತೆ ಕಾಲು ಒಟ್ಟಿಗೆ ನೆಲ ಮುಟ್ಟುತ್ತಿದ್ದವು. ಹತ್ತಿರವಿದ್ದವರಿಗೆ ಲಿಂಗಕ್ಕನ ಸದ್ದೂ ಕೇಳಿಸಿರಬೇಕು, ಯಾರೂ ಗೊಂಚಲು ಅಲ್ಲಾಡಿಸಲಿಲ್ಲ. ದೂರದವರು ನನ್ನ ಬಾಯಿ ನೋಡುತ್ತ ಬಂದರು. ಏಳು, ಎಂಟು. ಲಿಂಗಕ್ಕ ತಲೆ ಬಗ್ಗಿಸಿ, ತನ್ನದಲ್ಲದ ಯಾವುದೋ ಸುದ್ದಿ ಕೇಳುವವಳ ಹಾಗೆ ಕೇಳಿಸಿಕೊಳ್ಳುತ್ತಿದ್ದಳು. ಒಂಬತ್ತು. ಹತ್ತು. ಹನ್ನೊಂದು.

ಬಾಯಿ ಮುಚ್ಚಿದೆ. ಕಾರ್ಖಾನೆಗೆ ಕಾರ್ಖಾನೆಯೇ ಒಂದು ಕಾಲನ್ನು ಎತ್ತಿ ಹಿಡಿದುಕೊಂಡು ನಿಂತಿತು, ಯಾರೂ ಊರಲಿಲ್ಲ, ಮುದುಕನ ಮೊಳಕಾಲು ನಡುಗುತ್ತಿತ್ತು, ಬಾಷಾ ಮೇಸ್ತ್ರಿ ಪಕ್ಕದವನ ಭುಜ ಹಿಡಿದುಕೊಂಡಿದ್ದ, ಲಿಂಗಕ್ಕನ ಕಣ್ಣು ನನ್ನ ತುಟಿಯ ಮೇಲಿತ್ತು.

"ಒಂದು" ಎಂದೆ.